ಗೇಟ್ ತೆರೆದಿರಬೇಕು, ಫೇಸ್ ಇರಬೇಕು, ಜಾಗ ಖಾಲಿ ಇರಬೇಕು

ಸ್ವಂತ ಮನೆ, ಮನೆ ಮುಂದೆ ಒಂದಿಷ್ಟು ಜಾಗ, ಗೋಡೆಯಲ್ಲೊಂದು 15 ಆಂಪ್ಸ್ ಸಾಕೆಟ್ ಇದ್ದವರಿಗೆ ಎಲೆಕ್ಟ್ರಿಕ್ ಕಾರು ತಲೆನೋವಲ್ಲ. ರಾತ್ರಿ ಮಲಗುವಾಗ ಹಚ್ಚಿದರೆ ಬೆಳಿಗ್ಗೆ ಫುಲ್ ಆಗಿರುತ್ತದೆ. ಈ ಬರಹ ಅವರಿಗಲ್ಲ. ನನ್ನ ಹಾಗೆ ಬೆಳಗಾವಿಯಲ್ಲಿ ಬಾಡಿಗೆ ಮನೆಯಲ್ಲಿದ್ದು, ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಊರಲ್ಲಿ ಸಿಗುವ ಸಾರ್ವಜನಿಕ ಚಾರ್ಜರ್‌ಗಳನ್ನೇ ನಂಬಿಕೊಂಡವರಿಗೆ.

ನಮ್ಮದು ಸೆಕೆಂಡ್ ಹ್ಯಾಂಡ್ ಟಿಯಾಗೊ ಇವಿ. 24 ಯೂನಿಟ್ ಹಿಡಿಯುವ ಬ್ಯಾಟರಿ. ಮಾರುಕಟ್ಟೆಗೆ ಬಂದಾಗ ಕಾಗದದ ಮೇಲೆ 315 ಕಿಲೋಮೀಟರ್ ಅಂತ ಇತ್ತು. ಅದು ಪರೀಕ್ಷೆ ಕೋಣೆಯ ಲೆಕ್ಕ. ನಮ್ಮ ರಸ್ತೆಯಲ್ಲಿ, ಎಸಿ ಹಾಕಿಕೊಂಡು, ಕಬ್ಬಿನ ಟ್ರ್ಯಾಕ್ಟರ್‌ಗಳನ್ನು ದಾಟಿಕೊಂಡು ಓಡಿಸಿದರೆ 200ರ ಆಸುಪಾಸು. ಊರೊಳಗಿನ ಓಡಾಟಕ್ಕೆ ಧಾರಾಳ. ಟಿಳಕವಾಡಿಯಿಂದ ನನ್ನ ಕಾಲೇಜು, ಮನೆಯವರನ್ನು ಉದ್ಯಮಬಾಗಿಗೆ ಬಿಡೋದು, ಸಂಜೆ ಖಡೇಬಜಾರ್. ವಾರಕ್ಕೊಮ್ಮೆ ತುಂಬಿಸಿದರೆ ಸಾಕು. ಎಲ್ಲಿ ತುಂಬಿಸಬೇಕು ಅನ್ನೋದೇ ಪ್ರಶ್ನೆ.

ಮೊದಲು ಕೇಳಿದ್ದು ಮನೆ ಮಾಲೀಕರನ್ನು. ರಿಟೈರ್ಡ್ ಮಾಸ್ತರು. ನಾವು ಕಾಕಾ ಅಂತಲೇ ಕರೆಯೋದು. ನಮ್ಮದು ಮೂರನೇ ಮಹಡಿ, ಅಲ್ಲಿಂದ ವೈರ್ ಇಳಿಬಿಡೋಕೆ ಆಗಲ್ಲ. ಕೆಳಗಿನ ಸಾಕೆಟ್ ಅವರ ಮೀಟರಿಂದ.

"ಬ್ಯಾಡ ಅನ್ನೂದಿಲ್ಲವ್ವಾ. ಆದ್ರ ನಮ್ಮ ಮೀಟರ್ ಗೃಹಜ್ಯೋತಿದಾಗ ಐತಿ. ನಿನ್ನ ಗಾಡಿ ಹಚ್ಚಿದ್ರ ಆ ಜ್ಯೋತಿ ಆರಿ ಹೋಗ್ತೈತಿ" ಅಂದರು.

ನಗು ಬಂತು, ಆದರೆ ಅವರ ಲೆಕ್ಕ ಸರಿ ಇತ್ತು. ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿ ಬಳಕೆ ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ಉಚಿತ ಕೊಡುತ್ತಾರೆ. ಅದನ್ನು ಮೀರಿದರೆ ಮೀರಿದ್ದಕ್ಕೆ ದುಡ್ಡು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬ್ಯಾಟರಿ 24 ಯೂನಿಟ್‌ದಾದರೂ ಚಾರ್ಜ್ ಆಗುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಗೋಡೆಯಿಂದ ಎಳೆಯೋದು ಇನ್ನೂ ಜಾಸ್ತಿ. ತಿಂಗಳಿಗೆ ನಾಲ್ಕು ಸಲ ತುಂಬಿಸಿದರೆ ಕಾಕಾ, ಕಾಕು ಇಬ್ಬರೇ ಇರುವ ಮನೆಯ ಬಳಕೆಗಿಂತ ನಮ್ಮ ಗಾಡಿಯದೇ ಹೆಚ್ಚು. ಇದಕ್ಕೆ ಬೇರೆ ಮೀಟರ್ ತಗೋಬಹುದು, ಗಾಡಿ ಚಾರ್ಜಿಂಗಿಗೆ ಅಂತಲೇ ಬೇರೆ ದರ ಇದೆ. ಅರ್ಜಿ ಕಟ್ಟಡದ ಮಾಲೀಕರ ಒಪ್ಪಿಗೆಯಿಂದ ಹೋಗಬೇಕು. "ನೋಡೂಣು ತಡಿ" ಅಂದರು ಕಾಕಾ. ನಾನು ಮೊಬೈಲ್ ತೆಗೆದು ನಕ್ಷೆ ನೋಡೋಕೆ ಶುರುಮಾಡಿದೆ.

ದೇಶದಲ್ಲಿ ಎಲ್ಲರಿಗಿಂತ ಮೊದಲು, 2017ರಲ್ಲೇ, ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ನಕ್ಷೆಯಲ್ಲಿ ಅದರ ಬೆಳೆ ಬೆಂಗಳೂರಿನ ಸುತ್ತ ದಟ್ಟವಾಗಿದೆ, ಈ ಕಡೆ ಬರುತ್ತಾ ತೆಳುವಾಗುತ್ತದೆ. ಆದರೂ ಬೆಳಗಾವಿಯಲ್ಲಿ ಚುಕ್ಕೆಗಳೇನೂ ಕಮ್ಮಿ ಇರಲಿಲ್ಲ. ಹಸಿರು ಚುಕ್ಕೆ ಅಂದರೆ ಚಾಲೂ ಇದೆ, ಕೆಂಪು ಅಂದರೆ ಕೆಟ್ಟಿದೆ, ಬೂದು ಅಂದರೆ ಅದರ ಸುದ್ದಿಯೇ ಇಲ್ಲ. ಒಂದು ಆ್ಯಪ್‌ನಲ್ಲಿ ಹಸಿರಿದ್ದದ್ದು ಇನ್ನೊಂದರಲ್ಲಿ ಕಾಣೋದೇ ಇಲ್ಲ, ಯಾಕಂದರೆ ಒಬ್ಬೊಬ್ಬ ಕಂಪನಿಯವನು ತನ್ನ ಮಷಿನ್ ಮಾತ್ರ ತೋರಿಸುತ್ತಾನೆ. ಎಲ್ಲ ಕಂಪನಿಯದನ್ನೂ ಒಟ್ಟಿಗೆ ತೋರಿಸುವ ಪ್ಲಗ್‌ಶೇರ್‌ನಂಥದ್ದು ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಅದರಲ್ಲಿ ಜನ ತಾವು ಹೋದಾಗ ಏನಾಯ್ತು ಅಂತ ಬರೆದಿರುತ್ತಾರೆ. "ವಾಚ್‌ಮನ್ ಕಾಕಾನ ಕೇಳಿ, ಸ್ವಿಚ್ ಒಳಗಿದೆ" ಅಂತ ಯಾರೋ ಬರೆದ ಒಂದು ಸಾಲು ಹತ್ತು ಹಸಿರು ಚುಕ್ಕೆಗೆ ಸಮ.

ಒಂದು ರಜೆ ದಿನ ಇಬ್ಬರೂ ಚುಕ್ಕೆಗಳನ್ನೇ ಹುಡುಕಿಕೊಂಡು ಊರು ಸುತ್ತಿದೆವು. ಚಾರ್ಜ್ ಬೇಕಾದಾಗ ಹುಡುಕೋದು ಬೇರೆ, ಬೇಡದಾಗ ನೋಡಿಟ್ಟುಕೊಳ್ಳೋದು ಬೇರೆ. ಹೊಸದಾಗಿ ಗಾಡಿ ತಗೊಂಡವರಿಗೆ ನಾನು ಮೊದಲು ಹೇಳೋದು ಇದನ್ನೇ: ಬ್ಯಾಟರಿ ತುಂಬಿರುವಾಗ ಒಂದು ಸುತ್ತು ಹಾಕಿ ಬನ್ನಿ.

ಮೊದಲ ಚುಕ್ಕೆ ಒಂದು ಕಾರ್ ಶೋರೂಮ್ ಒಳಗೆ. ಮಷಿನ್ ಚೊಕ್ಕ ಇದೆ, ಶೆಡ್ ಇದೆ, ಕುಡಿಯೋಕೆ ನೀರಿದೆ. ಆದರೆ ಅಂದು ಭಾನುವಾರ, ಗೇಟಿಗೆ ಬೀಗ. ಉಳಿದ ದಿನವೂ ಶೋರೂಮ್ ಮುಚ್ಚಿದ ಮೇಲೆ ಒಳಗೆ ಬಿಡಲ್ಲ. ಆ್ಯಪ್ ಪ್ರಕಾರ ಅದು 24 ತಾಸು ಲಭ್ಯ. ಮಷಿನ್ ಏನೋ 24 ತಾಸೂ ಎದ್ದಿರುತ್ತದೆ ಅನ್ನಿ. ಇನ್ನೊಂದು ಚುಕ್ಕೆ ಸಿಕ್ಕಿತು, ಆದರೆ ಅದರ ಗನ್, ಅಂದರೆ ಕೇಬಲ್ ತುದಿಯ ಹಿಡಿ, ನಮ್ಮ ಗಾಡಿಗೆ ಕೂರುವಂಥದ್ದಲ್ಲ. ಹಳೇ ಕಾಲದ ಭಾರತ್ ಡಿಸಿ ಮಾದರಿ. ಈಗಿನ ಕಾರುಗಳಲ್ಲಿ ಹೆಚ್ಚಿನವು ಸಿಸಿಎಸ್-2 ಮಾದರಿ. ನೋಡಿ ಗುರುತು ಹಿಡಿಯೋದು ಸುಲಭ: ಮೇಲೆ ಗುಂಡಗಿನ ಭಾಗದಲ್ಲಿ ಸಣ್ಣ ತೂತುಗಳು, ಕೆಳಗೆ ಎರಡು ದಪ್ಪ ತೂತು. ದಪ್ಪ ಎರಡು ಕರೆಂಟಿಗೆ. ಮೇಲಿನ ಸಣ್ಣವುಗಳಲ್ಲಿ ಗಾಡಿ ಮತ್ತು ಮಷಿನ್ ಮಾತಾಡಿಕೊಳ್ಳುತ್ತವೆ. ಆ ಮಾತುಕತೆ ಮುಗಿದು, ಎಲ್ಲ ಸರಿ ಇದೆ ಅಂತ ಖಾತ್ರಿಯಾಗಿ, ಗನ್ ಲಾಕ್ ಆದ ಮೇಲೇ ಕರೆಂಟ್ ಹರಿಯೋದು. ಹಾಗಾಗಿ ಮಳೆಗಾಲದಲ್ಲಿ ಕೈಯಲ್ಲಿ ಗನ್ ಹಿಡಿದು ನಿಂತವರಿಗೆ ಶಾಕ್ ಹೊಡೆಯಲ್ಲ. ಬೆಳಗಾವಿ ಮಳೆ ನಿಮಗೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡಲ್ಲ. ಶೆಡ್ ಇಲ್ಲದ ಮಷಿನ್ ಮುಂದೆ ಕೊಡೆ ಹಿಡಿದು ನಿಂತಾಗ ದಾರಿಹೋಕರು ಗಾಡಿ ನಿಲ್ಲಿಸಿ "ಅಕ್ಕಾರ, ಹಿಂದ ಸರೀರಿ, ಹೊಡದೀತು" ಅಂತ ಕೂಗಿ ಹೋದದ್ದುಂಟು.

ಹೋಟೆಲ್‌ಗಳಲ್ಲೂ ಚಾರ್ಜರ್ ಇವೆ. ರೂಮ್ ತಗೊಂಡವರಿಗೆ ಮೊದಲು. ಉಳಿದವರು ಚಹಾ ಕುಡಿಯುತ್ತೇವೆ ಅಂದರೆ ಬಿಡುತ್ತಾರೆ. ಡಿಸೆಂಬರ್‌ನಲ್ಲಿ ಮಾತ್ರ ಆ ಆಸೆ ಬಿಡಬೇಕು. ಸುವರ್ಣಸೌಧದಲ್ಲಿ ಚಳಿಗಾಲದ ಅಧಿವೇಶನ ಅಂದರೆ ಊರಿನ ರೂಮುಗಳೆಲ್ಲ ಭರ್ತಿ. ಅಧಿಕಾರಿಗಳ ಗಾಡಿ, ಶಾಸಕರ ಹಿಂಬಾಲಕರ ಗಾಡಿ, ಮಾಧ್ಯಮದವರ ಗಾಡಿ. ಚಾರ್ಜಿಂಗ್ ಜಾಗ ಅಂತ ನೆಲದ ಮೇಲೆ ಹಸಿರು ಬಣ್ಣ ಬಳಿದಿದ್ದರೆ ಏನಾಯ್ತು, ಅದರ ಮೇಲೂ ದೊಡ್ಡ ಡೀಸೆಲ್ ಗಾಡಿ ನಿಂತಿರುತ್ತದೆ. ತೆಗೆಯಿರಿ ಅಂತ ಹೇಳೋಕೆ ಹೋಟೆಲಿನ ಹುಡುಗನಿಗೂ ಧೈರ್ಯ ಸಾಲದು.

ಕೊನೆಗೆ ಕೈ ಹಿಡಿದದ್ದು ಹೆದ್ದಾರಿ ಮೇಲಿನ ಒಂದು ಪೆಟ್ರೋಲ್ ಪಂಪ್. ರಾಷ್ಟ್ರೀಯ ಹೆದ್ದಾರಿ 48, ಪುಣೆ-ಬೆಂಗಳೂರು ದಾರಿ. ಪಂಪ್‌ಗಳಲ್ಲಿ ಚಾರ್ಜರ್ ಬಂದಿರೋದಕ್ಕೆ ಕಾರಣ ಇದೆ. 2023ರಲ್ಲಿ ಕೇಂದ್ರ ಸರಕಾರ ಮೂರು ಸರಕಾರಿ ತೈಲ ಕಂಪನಿಗಳಿಗೆ 800 ಕೋಟಿ ಕೊಟ್ಟು ದೇಶದಲ್ಲಿ 7,432 ಚಾರ್ಜಿಂಗ್ ಕೇಂದ್ರ ಹಾಕಿ ಅಂದಿತ್ತು. ಪಂಪಿನ ಲಾಭ ಏನಪ್ಪಾ ಅಂದರೆ ಗೇಟಿಲ್ಲ. ರಾತ್ರಿ ಹಗಲು ಜನ ಇರುತ್ತಾರೆ.

ಅಲ್ಲಿಗೆ ಮೊದಲ ಸಲ ಹೋದಾಗ ಆ್ಯಪ್‌ನಲ್ಲಿ ಕೆಂಪು. ಆದರೂ ಬ್ಯಾಟರಿ ಇನ್ನೂ ಅರ್ಧ ಇತ್ತು, ನೋಡಿಯೇ ಬರೋಣ ಅಂತ ಹೋದೆ. ಮಷಿನ್ ಮೈಮೇಲೆ ಅಣಬೆ ಆಕಾರದ ಒಂದು ಕೆಂಪು ಗುಂಡಿ ಇರುತ್ತದೆ. ಬೆಂಕಿ ಗಿಂಕಿ ಹತ್ತಿದರೆ ಒತ್ತೋಕೆ. ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲೇ ಇರುತ್ತದೆ, ಕೆಂಪಗೆ ಹೊಳೆಯುತ್ತದೆ, ಒತ್ತದೆ ಬಿಡುತ್ತಾರಾ? ಪಂಪಿನ ಹುಡುಗ ಬಂದ. ಎಂ.ಕೆ. ಹುಬ್ಬಳ್ಳಿ ಕಡೆಯವನಂತೆ. ನನ್ನ ಮುಖ ನೋಡಿ, ಮಷಿನ್ ನೋಡಿ, ಆ ಗುಂಡಿಯನ್ನು ಬಾಟಲಿ ಮುಚ್ಚಳದಂತೆ ಬಲಕ್ಕೆ ತಿರುವಿದ. ಟಪ್ ಅಂತ ಮೇಲೆದ್ದಿತು. ಪರದೆ ಒಂದು ಸಲ ಆರಿ ಮತ್ತೆ ಹತ್ತಿತು. ಸ್ವಲ್ಪ ಹೊತ್ತಿಗೆ ಹಸಿರು ದೀಪ.

"ಎಷ್ಟ ದಿನದಿಂದ ಹಿಂಗಿತ್ತಪ್ಪಾ?"

"ಗೊತ್ತಿಲ್ರಿ ಅಕ್ಕಾರ. ಯಾರೂ ಕೇಳೇ ಇಲ್ಲ."

ಅದು ಕೆಟ್ಟಿರಲಿಲ್ಲ. ನಕ್ಷೆಯಲ್ಲಿ ಕೆಂಪು ನೋಡಿ ಎಲ್ಲರೂ ಮುಂದೆ ಹೋಗಿದ್ದರು, ಅಷ್ಟೇ. ಅವತ್ತಿನಿಂದ ನಾನು ಆ ಹುಡುಗನ ನಂಬರ್ ಇಟ್ಟುಕೊಂಡೆ. ಹೊರಡುವ ಮುಂಚೆ ಅವನಿಗೇ ಫೋನ್. ಅವನು ಎರಡು ಮಾತಲ್ಲಿ ಹೇಳುತ್ತಾನೆ: "ಚಾಲೂ ಐತ್ರಿ, ಖಾಲಿ ಐತ್ರಿ." ಇಲ್ಲಾಂದರೆ "ಫೇಸ್ ಹೋಗೈತ್ರಿ."

ಈ ಫೇಸ್ ವಿಷಯ ತಿಳಿದಿರಲಿ. ವೇಗದ ಡಿಸಿ ಚಾರ್ಜರಿಗೆ ತ್ರೀ ಫೇಸ್, ಅಂದರೆ ಮೂರು ತಂತಿಯಲ್ಲಿ ಬರುವ ಕರೆಂಟ್ ಬೇಕು. ಮೂರರಲ್ಲಿ ಒಂದು ಹೋದರೂ ಅದು ಚಾರ್ಜ್ ಕೊಡಲ್ಲ. ಆದರೆ ಅದರ ಪರದೆಗೆ ಒಂದೇ ಫೇಸ್ ಸಾಕು, ಅದು ಉರಿಯುತ್ತಲೇ ಇರುತ್ತದೆ. ಬಂದವರು ಗನ್ ಹಚ್ಚಿ, ಸ್ಕ್ಯಾನ್ ಮಾಡಿ, ದುಡ್ಡು ಕಟ್ಟಿ, ತಪ್ಪು ಅಂತ ಬಂದಾಗ ತಮ್ಮ ಗಾಡಿಯದೇ ಏನೋ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಯಾವಾಗ ಬರುತ್ತದೆ ಅಂತ ಕಾದು ರಾತ್ರಿ ಕಳೆದವರು ಅವರು. ಒಂದು ಸಲ ಮಷಿನ್ ಮುಂದೆ ನಾನು ಪೇಚಾಡುವಾಗ ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸೋಕೆ ಬಂದ ಅಜ್ಜ ದೂರದಿಂದಲೇ ಹೇಳಿದರು: "ಬಾಜೂಕಿನ ಬೋರ್ ಬಂದ್ ಆಗೈತಿ ನೋಡವ್ವಾ. ಫೇಸ್ ಇಲ್ಲ." ಅದೇ ಆಗಿತ್ತು.

ವಾರದ ಲೆಕ್ಕವೂ ಇದೆ. ಶುಕ್ರವಾರ ಸಂಜೆ ಪುಣೆ, ಕೊಲ್ಹಾಪುರ ಕಡೆಯಿಂದ ಗೋವಾಕ್ಕೆ ಹೋಗುವವರು ಬೆಳಗಾವಿಯಲ್ಲಿ ತುಂಬಿಸಿಕೊಂಡು ಜಾಂಬೋಟಿ, ಚೋರ್ಲಾ ಘಾಟ್ ಮೇಲೆ ಇಳಿಯುತ್ತಾರೆ. ಇಳಿಯುವಾಗ ಬ್ಯಾಟರಿಗೆ ಒಂದಿಷ್ಟು ವಾಪಸ್ ಬರುತ್ತದೆ, ಖುಷಿ. ಭಾನುವಾರ ಅದೇ ಘಟ್ಟ ಹತ್ತಿ ಬರುವಾಗ ಸರ್ರನೆ ಇಳಿದುಹೋಗುತ್ತದೆ. ಹಾಗಾಗಿ ಭಾನುವಾರ ಸಂಜೆ ಊರಿನ ಚಾರ್ಜರ್‌ಗಳ ಮುಂದೆ ಪಾಳಿ. ಆಗ ಹೋಗಲೇಬಾರದು. ಹೋದರೂ 80 ಪರ್ಸೆಂಟಿಗೆ ಗನ್ ಕಿತ್ತು ಜಾಗ ಬಿಡಬೇಕು. 80 ಆದ ಮೇಲೆ ಬ್ಯಾಟರಿ ತಾನೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ. ಉಳಿದ 20ಕ್ಕೆ ಹಿಡಿಯುವ ಹೊತ್ತು ನೋಡಿದರೆ ಹಿಂದೆ ನಿಂತವರ ಮೇಲೆ ಅನ್ಯಾಯ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. "ದುಡ್ಡು ಕಟ್ಟೀನಿ, ನೂರು ಆಗೂತನಕ ಹಚ್ಚತೇನಿ" ಅಂತಾರೆ. ಏನು ಹೇಳೋದು.

ಇನ್ನು ಚಳಿ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಊರು ನಮ್ಮದು. ಡಿಸೆಂಬರ್, ಜನವರಿ ಮುಂಜಾನೆ ಹೆದ್ದಾರಿ ಮೇಲೆ ಮಂಜು ಕವಿದಿರುತ್ತದೆ. ಕಾಲೇಜಿಗೆ ಹೋಗುವ ಮುಂಚೆ ಚಾರ್ಜ್ ಮಾಡಿಕೊಂಡು ಬರೋಣ ಅಂತ ನಸುಕಿನಲ್ಲಿ ಹೋಗಿ ನೋಡಿದ್ದೇನೆ. ಕೇಬಲ್ ಬೆತ್ತದಷ್ಟು ಬಿಗಿ. ಬೇಸಿಗೆಯಲ್ಲಿ ಒಂದೇ ಕೈಯಲ್ಲಿ ಬಗ್ಗುವುದು ಆಗ ಎರಡು ಕೈ, ಒಂದು ಮೊಣಕಾಲು ಕೇಳುತ್ತದೆ. ಚಾರ್ಜ್ ಕೂಡ ಸ್ವಲ್ಪ ನಿಧಾನ. ಲಿಥಿಯಂ ಬ್ಯಾಟರಿಗೆ ಚಳಿ ಆಗಿಬರಲ್ಲ. ಒಳಗೆ ವಿದ್ಯುತ್ ಹೊತ್ತೊಯ್ಯುವ ಅಯಾನು ಕಣಗಳ ಓಡಾಟ ಮಂದವಾಗುತ್ತದೆ. ಆಗ ಬಲವಂತವಾಗಿ ಕರೆಂಟ್ ತುಂಬಿದರೆ ಲಿಥಿಯಂ ಒಳಗೆ ಸೇರದೆ ಮೇಲೆಯೇ ಲೋಹದ ಪದರವಾಗಿ ಕೂತು ಬ್ಯಾಟರಿ ಹಾಳಾಗುತ್ತದೆ. ಅದಕ್ಕೇ ಗಾಡಿಯ ಕಂಪ್ಯೂಟರ್ ಕರೆಂಟನ್ನು ತಗ್ಗಿಸುತ್ತದೆ. ಬೆಳಗಾವಿ ಚಳಿಯಲ್ಲಿ ಇದರ ವ್ಯತ್ಯಾಸ ಕೆಲವು ನಿಮಿಷ, ಅಷ್ಟೇ. ಉಪಾಯವೂ ಸುಲಭ. ರಾತ್ರಿಯಿಡೀ ನಿಂತ ಗಾಡಿಯನ್ನು ಎಬ್ಬಿಸಿ ಹಚ್ಚುವ ಬದಲು, ಸಂಜೆ ಓಡಾಡಿ ಬಿಸಿಯಾದ ಮೇಲೆ ಹಚ್ಚೋದು.

ನಿಜವಾದ ಚಳಿ ಏನು ಅಂತ ಹೇಳಿದ್ದು ನಮ್ಮ ಸೋದರತ್ತೆ ಮಗ. ಅಥಣಿಯವನು, ಈಗ ಕೆನಡಾದ ಕ್ಯಾಲ್ಗರಿಯಲ್ಲಿದ್ದಾನೆ. ಫೋನಿನಲ್ಲಿ ನಾನು ಬೆಳಗಾವಿ ಥಂಡಿ ಬಗ್ಗೆ ಹೇಳಿದಾಗ ಗಟ್ಟಿಯಾಗಿ ನಕ್ಕ. ಅಲ್ಲಿ ಸೊನ್ನೆಗಿಂತ 25, 30 ಡಿಗ್ರಿ ಕೆಳಗೆ ಹೋಗುವ ದಿನಗಳಿರುತ್ತವೆ. ಅಂಥ ದಿನ ಗಾಡಿ ಓಡುವ ದೂರದಲ್ಲಿ ಮೂರನೇ ಒಂದು ಪಾಲು ಹೋದರೂ ಆಶ್ಚರ್ಯವಿಲ್ಲ, ಯಾಕಂದರೆ ಒಳಗೆ ಕೂತವರನ್ನೂ ಬ್ಯಾಟರಿಯನ್ನೂ ಬೆಚ್ಚಗಿಡೋದು ಅದೇ ಬ್ಯಾಟರಿ. ಚಾರ್ಜರ್ ಹುಡುಕಿ ದಾರಿ ಹಾಕಿದ ಕೂಡಲೇ ಅವನ ಗಾಡಿ ತಾನಾಗೇ ಬ್ಯಾಟರಿ ಕಾಯಿಸೋಕೆ ಶುರುಮಾಡುತ್ತದಂತೆ, ಅಲ್ಲಿಗೆ ಮುಟ್ಟುವಷ್ಟರಲ್ಲಿ ಕರೆಂಟ್ ತಗೊಳ್ಳೋಕೆ ತಯಾರು. ಮನೆಯಿಂದ ಹೊರಡುವ ಮುಂಚೆ ಪ್ಲಗ್ಗಿನಲ್ಲಿದ್ದಾಗಲೇ ಒಳಗೆ ಬೆಚ್ಚಗೆ ಮಾಡಿಕೊಂಡರೆ ಅಷ್ಟು ಬ್ಯಾಟರಿ ಉಳಿತಾಯ. ಆ ಊರಿನ ಪಾರ್ಕಿಂಗ್ ಜಾಗಗಳಲ್ಲಿ ಪೆಟ್ರೋಲ್ ಗಾಡಿಗಳ ಎಂಜಿನ್ ಬೆಚ್ಚಗಿಡೋಕೆ ಅಂತ ಸಾಕೆಟ್ ಹಾಕಿರೋದು ಹಳೇ ರೂಢಿ. ನಾನು ಕೇಳಿದ್ದು ಒಂದೇ: ಮಷಿನ್ ಚಾಲೂ ಇರ್ತಾವೇನೋ? "ಅದನ್ನ ಕೇಳಬ್ಯಾಡ ಅಕ್ಕಾ. ಇಲ್ಲೂ ಒಂದೊಂದು ಮಕ್ಕೊಂಡಿರ್ತಾವು. ಸ್ನೋ ಬಳದು ಹೋಗಿ ನೋಡಿದ್ರ ಪರದಿ ಹತ್ತಂಗಿಲ್ಲ" ಅಂದ. ಯಾಕೋ ಸಮಾಧಾನ ಆಯ್ತು.

ಚಳಿಗಿಂತ ನನಗೆ ತೊಂದರೆ ಕೊಟ್ಟದ್ದು ಕತ್ತಲೆ. ಇದನ್ನು ಗಂಡಸರು ಬರೆಯೋದು ಕಡಿಮೆ. ಪೆಟ್ರೋಲ್ ಹಾಕಿಸೋಕೆ ಐದು ನಿಮಿಷ, ಇಲ್ಲಿ ಮುಕ್ಕಾಲು ತಾಸು. ಪಂಪಿನ ದೀಪವೆಲ್ಲ ಪೆಟ್ರೋಲ್ ಕಡೆ. ಚಾರ್ಜರ್ ಇರೋದು ಹಿಂದೆ, ಗಾಳಿ ಹಾಕುವ ಮಷಿನ್ ಆಚೆ, ಲಾರಿಗಳು ರಾತ್ರಿ ತಂಗುವ ಮೂಲೆಯಲ್ಲಿ. ಒಬ್ಬಳೇ ಗಾಡಿಯೊಳಗೆ ಕೂತು ಬಾಗಿಲು ಲಾಕ್ ಮಾಡಿಕೊಂಡು ಪೇಪರ್ ತಿದ್ದಿದ್ದೇನೆ. ಏನೂ ಆಗಿಲ್ಲ. ಆದರೆ ಏನೂ ಆಗಿಲ್ಲ ಅನ್ನೋದು ಒಂದು ಸೌಲಭ್ಯ ಅಲ್ಲ. ಒಂದು ದೀಪ, ಒಂದು ಬೆಂಚು, ಬೀಗ ಹಾಕದ ಶೌಚಾಲಯ. ಮಷಿನ್ ಹಾಕುವವರು ಈ ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಊರಲ್ಲಿ 3 ಕಿಲೋಮೀಟರ್‌ಗೆ 3 ಕಿಲೋಮೀಟರ್‌ನ ಚೌಕಕ್ಕೆ ಒಂದು, ಹೆದ್ದಾರಿಯಲ್ಲಿ ಎರಡೂ ಬದಿಗೆ 25 ಕಿಲೋಮೀಟರ್‌ಗೆ ಒಂದು ಕೇಂದ್ರ ಇರಲಿ ಅಂತ ಕೇಂದ್ರ ಸರಕಾರ 2022ರ ಮಾರ್ಗಸೂಚಿಯಲ್ಲಿ ಹೇಳಿತ್ತು. ಒಳ್ಳೇದೇ. ಆದರೆ ಅದು ಮಷಿನ್‌ಗಳ ಎಣಿಕೆ. ಅವು ನಡೆಯುತ್ತಿವೆಯಾ, ಅಲ್ಲಿ ಕೂತು ಕಾಯಬಹುದಾ ಅನ್ನೋದರ ಎಣಿಕೆ ಬೇರೆಯೇ.

ಊರೊಳಗೆ ಹೀಗೆ ಹಾಗೆ ನಡೆಯುತ್ತದೆ. ನನಗೆ ಭಯ ಇದ್ದದ್ದು ವಿಜಯಪುರದ ದಾರಿ. ತವರುಮನೆ ಅಲ್ಲಿ. ಬೆಳಗಾವಿಯಿಂದ 200 ಕಿಲೋಮೀಟರ್ ಮೇಲೆ. ಒಂದೇ ಚಾರ್ಜಿನಲ್ಲಿ ಮುಟ್ಟೋದು ನಮ್ಮ ಗಾಡಿಗೆ ಆಗದ ಮಾತು. ಯರಗಟ್ಟಿ, ಲೋಕಾಪುರ, ಕಲಾದಗಿ ಮೇಲೆ ಬಾಗಲಕೋಟೆಗೆ ಹೋಗಿ, ಅಲ್ಲಿ ತುಂಬಿಸಿಕೊಂಡು ಮುಂದೆ ಹೋಗಬೇಕು. ಯರಗಟ್ಟಿ ದಾಟಿದ ಮೇಲೆ ನಕ್ಷೆ ನೋಡಿದರೆ ಜೀವ ಝಲ್ ಅನ್ನುತ್ತದೆ, ಚುಕ್ಕೆಗಳು ಅಷ್ಟು ವಿರಳ. ಗಂಟೆಗೆ 60-70ರ ಮೇಲೆ ಹೋಗಲಿಲ್ಲ. ಈ ಗಾಡಿಗಳಲ್ಲಿ ಎಸಿ ಆರಿಸೋದಕ್ಕಿಂತ ವೇಗ ಇಳಿಸೋದರಿಂದಲೇ ಜಾಸ್ತಿ ದೂರ ಉಳಿಯೋದು. ಕಲಾದಗಿಯಲ್ಲಿ ದಾಳಿಂಬೆ, ಚಿಕ್ಕು ತಗೊಂಡೆವು. ಬಾಗಲಕೋಟೆ ನವನಗರ ಸೇರುವಾಗ ಬ್ಯಾಟರಿ 28 ಪರ್ಸೆಂಟ್. ಲೆಕ್ಕ ಹಾಕಿದ್ದಕ್ಕಿಂತ ಚೆನ್ನಾಗಿತ್ತು.

ಚಾರ್ಜರ್ ಇದ್ದದ್ದು ಒಂದು ಹೋಟೆಲ್ ಆವರಣದಲ್ಲಿ, ಪಕ್ಕದಲ್ಲೇ ಅವರದೇ ಮದುವೆ ಹಾಲ್. ಬೆಳಿಗ್ಗೆ ಫೋನ್ ಮಾಡಿದಾಗ "ಚಾಲೂ ಐತಿ ಬರ್ರಿ" ಅಂದಿದ್ದರು. ಚಾಲೂ ಇತ್ತು, ಸುಳ್ಳಲ್ಲ. ಮದುವೆ ಇದೆ ಅಂತ ಹೇಳಿರಲಿಲ್ಲ. ಚಾರ್ಜರ್ ಮುಂದೆ ಹೂವಿನ ಮಾಲೆ ಹಾಕಿದ ಒಂದು ಬಿಳಿ ಗಾಡಿ, ಅದರ ಹಿಂದೆ ಇನ್ನೊಂದು ಅಡ್ಡ. ಡ್ರೈವರ್ ನಾಪತ್ತೆ. ನಮ್ಮ ಗಾಡಿಯ ಕೇಬಲ್ ಕಿಂಡಿ ಎಡಗಡೆ ಹಿಂದೆ. ಹೇಗೆ ತಿರುಗಿಸಿ ನಿಲ್ಲಿಸಿದರೂ ಗನ್ ಮುಟ್ಟುತ್ತಿರಲಿಲ್ಲ.

ಮನೆಯವರು ಹಾಲ್ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ, ಅಕ್ಷತೆ ಹಂಚುವ ಸುದ್ದಿಯ ಮಧ್ಯೆ, ಕೇಳಿಸಿತು: "ಕೆಎ 29, ಬಿಳಿ ಗಾಡಿ, ಯಾರದ್ರಿ? ಬೆಳಗಾವಿಯಿಂದ ಕರೆಂಟ್ ಗಾಡಿಯವ್ರು ಬಂದಾರ. ಅವರದು ಕರೆಂಟ್ ಮುಗದೈತಿ. ಲಗೂನ ತಗೀರಿ." ಇಡೀ ಹಾಲ್ ತಿರುಗಿ ನೋಡಿತಂತೆ. ವರನ ಸೋದರಮಾವ ಓಡಿ ಬಂದು ಗಾಡಿ ತೆಗೆದರು. ಕೈಮುಗಿದು ಕ್ಷಮೆ ಕೇಳಿದರು. ಅಷ್ಟಕ್ಕೆ ಬಿಡಲಿಲ್ಲ. "ಎಷ್ಟೊತ್ತು ಹಿಡಿತೈತ್ರಿ ಇದು?" ಮುಕ್ಕಾಲು ತಾಸು ಅಂದೆ. "ಹಂಗಾದ್ರ ಊಟಕ್ಕ ಬರ್ರಿ. ನೀವು ಬಿಟ್ಟು ಹೋದ್ರ ನಮಗ ಛಲೋ ಕಾಣಂಗಿಲ್ಲ." ಗೋಧಿ ಹುಗ್ಗಿ, ಎಣ್ಣೆಗಾಯಿ, ಕಟ್ಟಿನ ಸಾರು. ಗುರುತು ಪರಿಚಯ ಇಲ್ಲದ ಮದುವೆಯಲ್ಲಿ ಕೂತು ಉಂಡೆವು. ನಡುವೆ ಇಬ್ಬರು ಮೂವರು ಎದ್ದು ಹೋಗಿ ನಮ್ಮ ಗಾಡಿ ಎಷ್ಟು ತುಂಬಿದೆ ಅಂತ ನೋಡಿ ಬಂದು ವರದಿ ಒಪ್ಪಿಸಿದರು. "ಎಪ್ಪತ್ತಾಗೈತ್ರಿ. ಇನ್ನೊಂದ್ ಸ್ವಲ್ಪ ಹುಗ್ಗಿ ಹಾಕಿಸ್ಕೋರಿ."

ಬಾಗಲಕೋಟೆಯಿಂದ ವಿಜಯಪುರ 80 ಕಿಲೋಮೀಟರ್, ಅದು ನಿರಾಳ. ಕೊಲ್ಹಾರದ ಸೇತುವೆ ಮೇಲೆ ಕೃಷ್ಣೆಯ ಹಿನ್ನೀರಿನ ಎದುರುಗಾಳಿಗೆ ಮೀಟರ್ ಸ್ವಲ್ಪ ಇಳಿಯಿತು, ಕೊಲ್ಹಾರದ ಮೊಸರಿಗೆ ಅಂತ ಹೇಗೂ ನಿಲ್ಲಿಸಲೇಬೇಕಿತ್ತು.

ತವರುಮನೆಯಲ್ಲಿ ಸ್ವಂತ ಜಾಗ, ಸ್ವಂತ ಸಾಕೆಟ್. ಹಚ್ಚಿದರೆ ಕೇಬಲ್ ನಡುವಿನ ಪೆಟ್ಟಿಗೆಯಲ್ಲಿ ಕೆಂಪು ದೀಪ. ಹಳೇ ಮನೆ, ಅರ್ಥಿಂಗ್ ಹೆಸರಿಗೆ ಮಾತ್ರ. ಗಾಡಿಯ ಜೊತೆ ಬರುವ ಈ ಪೆಟ್ಟಿಗೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಕರೆಂಟನ್ನೇ ಬಿಡಲ್ಲ. ಅಪ್ಪ ವೈರ್‌ಮನ್‌ನನ್ನು ಕರೆಸಿದರು. ಅವನು ಜೇಬಿಂದ ಎರಡು ವೈರಿನ ಹೋಲ್ಡರ್, ಹಳೇ ಗುಂಡು ಬಲ್ಬ್ ತೆಗೆದು ಫೇಸಿಗೂ ಅರ್ಥಿಗೂ ಹಿಡಿದ. ಬಲ್ಬ್ ಮಿಣುಕು ಮಿಣುಕು. "ಇದು ಅರ್ಥಿಂಗ್ ಅಲ್ರಿ ಸಾಹೇಬ್ರ, ಸುಮ್ನೆ ನೆಲದಾಗ ಒಂದ್ ತಂತಿ" ಅಂದ. ಹಿತ್ತಲಲ್ಲಿ ಗುಂಡಿ ತೋಡಿಸಿ, ಜಿಐ ಪೈಪ್ ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಹರಳುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ಮೇಲೆ ಬಿಂದಿಗೆಗಟ್ಟಲೆ ನೀರು. ಉಪ್ಪು ನೀರಿನಲ್ಲಿ ಕರಗಿ, ಇದ್ದಿಲು ಆ ತೇವ ಹಿಡಿದಿಟ್ಟುಕೊಂಡು, ಮಣ್ಣಿನೊಳಗೆ ಕರೆಂಟಿಗೆ ದಾರಿ ಸಲೀಸಾಗುತ್ತದೆ. ಮತ್ತೆ ಬಲ್ಬ್ ಹಿಡಿದ. ಝಗ್ ಅಂತ ಹತ್ತಿತು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕೋದು ಈಗ ಅವ್ವನ ಕೆಲಸ. ತುಳಸಿಗೆ ಹಾಕಿದ ಮೇಲೆ ಅದಕ್ಕೂ ಒಂದು ತಂಬಿಗೆ.

ದುಡ್ಡಿನ ಮಾತು. ಹೊರಗಿನ ವೇಗದ ಚಾರ್ಜರ್‌ಗಳಲ್ಲಿ ನಾನು ಕೊಡೋದು ಯೂನಿಟ್ಟಿಗೆ 20 ರೂಪಾಯಿ ಹಿಂದೆ ಮುಂದೆ. ಇದರಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆ. ಗಾಡಿ ಕೊಳ್ಳುವಾಗ 5 ಪರ್ಸೆಂಟ್, ಚಾರ್ಜ್ ಮಾಡುವಾಗ 18. ಯಾವ ನ್ಯಾಯವೋ. ಯೂನಿಟ್ಟಿಗೆ ಎಂಟು ಕಿಲೋಮೀಟರ್ ಹಿಡಿದರೂ ಕಿಲೋಮೀಟರಿಗೆ ಎರಡೂವರೆ ರೂಪಾಯಿ. ಪೆಟ್ರೋಲಿನ ಅರ್ಧಕ್ಕಿಂತ ಕಮ್ಮಿ, ಮನೆಯಲ್ಲಿ ಹಚ್ಚುವವರ ಮೂರು ಪಟ್ಟು. ಇದಲ್ಲದೆ ಒಂದೊಂದು ಆ್ಯಪ್‌ಗೂ ಮುಂಗಡ ದುಡ್ಡು ಹಾಕಬೇಕು. ನನ್ನ ಫೋನಿನಲ್ಲಿ ಅಲ್ಲಿ 140, ಇಲ್ಲಿ 85 ಅಂತ ಚಿಲ್ಲರೆ ಸಿಕ್ಕಿಹಾಕಿಕೊಂಡು ಕೂತಿದೆ. ಯುಪಿಐ ಇರುವ ಕಾಲದಲ್ಲಿ ಈ ವ್ಯಾಲೆಟ್ ಯಾಕೆ ಅಂತ ನನಗಿನ್ನೂ ತಿಳಿದಿಲ್ಲ.

ಈಗ ನನ್ನ ಕಣ್ಣಿರೋದು ಬೆಳಗಾವಿಯದೇ ಶಹಾಪುರದ ಒಂದು ಹಿಟ್ಟಿನ ಗಿರಣಿ ಮೇಲೆ. ಜೋಳ ಬೀಸಿಸೋಕೆ ಹೋದಾಗ ಹೊಳೆದದ್ದು. ಗಿರಣಿ ಅಂದ ಮೇಲೆ ತ್ರೀ ಫೇಸ್ ಇದ್ದೇ ಇದೆ. ಮುಂದೆ ಅಂಗಳ ಇದೆ. ಸಂಜೆ ಗಿರಣಿ ಮುಚ್ಚಿದರೆ ರಾತ್ರಿಯಿಡೀ ಖಾಲಿ. ಗೇಟಿನ ಪಕ್ಕವೇ ಮಾಲೀಕರ ಮನೆ. ಹೇಳಿದಾಗ ಮೊದಲು ಹೆದರಿದರು. "ಕರೆಂಟ್ ಮಾರಿದ್ರ ಕೇಸ್ ಹಾಕೂದಿಲ್ಲೇನ್ರಿ ಅಕ್ಕಾರ?" ಗಾಡಿ ಚಾರ್ಜ್ ಮಾಡಿಕೊಡೋದು ಕರೆಂಟ್ ಮಾರಿದ ಹಾಗಲ್ಲ, ಅದೊಂದು ಸೇವೆ, ಲೈಸೆನ್ಸ್ ಬೇಕಿಲ್ಲ ಅಂತ ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲೇ ಸ್ಪಷ್ಟ ಮಾಡಿದೆ. ಅದನ್ನು ಓದಿ ಹೇಳಿದೆ. ಗಿರಣಿ ಮೀಟರಿನಿಂದಲೇ ಕೊಡೋದು ಬೇಡ, ಗಾಡಿಗೆ ಅಂತ ಬೇರೆ ಮೀಟರ್ ತಗೊಳ್ಳಿ ಅಂತಲೂ ಹೇಳಿದೆ. ಅವರ ಮಗ ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂಗೆ ಹೋಗಿ ಅರ್ಜಿ ಕೊಟ್ಟು ಬಂದ. ಸುದ್ದಿ ಓಣಿಗೆಲ್ಲ ಹಬ್ಬಿ, ಬ್ಯಾಟರಿ ಆಟೊ ಓಡಿಸುವ ಇಬ್ಬರು ಆಗಲೇ ಬಂದು ಜಾಗ ಹಿಡಿದಿದ್ದಾರೆ. ಅವರಿಗೆ ರಾತ್ರಿ ಹತ್ತರ ಮೇಲೆ, ನಮಗೆ ಬುಧವಾರ ಪೂರ್ತಿ ರಾತ್ರಿ ಅಂತ ಬಾಯಿಮಾತಿನಲ್ಲಿ ಆಗಿದೆ. ರೇಟ್ ಒಂದು ಬಗೆಹರಿದಿಲ್ಲ. ನಾನು ಯೂನಿಟ್ಟಿಗೆ 12 ಅಂದಿದ್ದೇನೆ. ಅವರು 15ರಿಂದ ಇಳಿಯುತ್ತಿಲ್ಲ.